ಎಲ್ಲರ ಕೈಗೂ ಸಿಗುವ ವಂಶವೃಕ್ಷ: ಫ್ಯಾಮಿಲಿಸರ್ಚ್‌ನಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಹೇಗಿದೆ?

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1894ರಲ್ಲಿ ಹುಟ್ಟಿದ ವಂಶಾವಳಿ ಸಂಘವೇ ಬೆಳೆದು ಇಂದಿನ ಫ್ಯಾಮಿಲಿಸರ್ಚ್ ಆಗಿದೆ. ಲ್ಯಾಟರ್-ಡೇ ಸೇಂಟ್ಸ್ (ಮಾರ್ಮನ್) ಚರ್ಚು ನಡೆಸುವ ಈ ಜಾಲತಾಣಕ್ಕೆ ಶುಲ್ಕವಿಲ್ಲ. ಹರಿದ್ವಾರದ ಪಂಡಾಗಳ, ಅಂದರೆ ತೀರ್ಥಪುರೋಹಿತರ, ಬಹಿಗಳಂಥ (ಯಾತ್ರಿಕರ ವಂಶಾವಳಿ ಬರೆದಿಡುವ ಪುಸ್ತಕಗಳಂಥ) ಭಾರತೀಯ ದಾಖಲೆಗಳ ಚಿತ್ರಗಳೂ ಇಲ್ಲಿವೆ. ಇಲ್ಲಿನ ವಂಶವೃಕ್ಷ ಒಬ್ಬೊಬ್ಬರಿಗೆ ಒಂದೊಂದಲ್ಲ, ಇಡೀ ಲೋಕಕ್ಕೆ ಒಂದೇ. ತೀರಿಕೊಂಡ ವ್ಯಕ್ತಿಗೆ ಒಂದೇ ಪುಟ ಇರಬೇಕು, ಖಾತೆ ತೆರೆದ ಯಾರು ಬೇಕಾದರೂ ಅದನ್ನು ತಿದ್ದಬಹುದು ಎಂಬುದು ಅದರ ನಿಯಮ. ಹಾಗಾಗಿ ಈ ಸೇವೆಯನ್ನು ಅಳೆಯಬೇಕಾದದ್ದು ಅದರಲ್ಲಿ ಎಷ್ಟು ಹೆಸರುಗಳಿವೆ ಎಂಬುದರಿಂದಲ್ಲ, ತಪ್ಪು ನುಸುಳಿದಾಗ ಅದನ್ನು ಹೊರಹಾಕುವುದು ಎಷ್ಟು ಸುಲಭ ಎಂಬುದರಿಂದ.

ಆ ವಿಷಯದಲ್ಲಿ ಮೂಲ ವ್ಯವಸ್ಥೆ ಗಟ್ಟಿಯಾಗಿದೆ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದು ಪ್ರತಿ ಪುಟದಲ್ಲೂ ದಾಖಲಾಗುತ್ತದೆ; ಹಳೆಯ ಮಾಹಿತಿಯನ್ನು ಮರಳಿ ತರುವ ಗುಂಡಿ ಅದರ ಪಕ್ಕದಲ್ಲೇ ಇರುತ್ತದೆ. ಬದಲಿಸಿದವರಿಗೆ ತಾಣದೊಳಗಿನಿಂದಲೇ ಸಂದೇಶ ಕಳುಹಿಸಬಹುದು, ಪುಟವನ್ನು ಹಿಂಬಾಲಿಸಿದರೆ ಬದಲಾವಣೆಗಳ ಸೂಚನೆ ಇಮೇಲಿಗೆ ಬರುತ್ತದೆ.

ಆದರೆ ನಮ್ಮ ಕಡೆಯ ಮನೆತನಗಳನ್ನು ಇದಕ್ಕೆ ಏರಿಸಿದಾಗ ಮಾತು ಬೇರೆಯಾಗುತ್ತದೆ. ಪ್ಲವ ಸಂವತ್ಸರದಲ್ಲಿ, ಅಂದರೆ 1901-02ರಲ್ಲಿ, ಹುಟ್ಟಿದ ಶ್ರೀನಿವಾಸಯ್ಯ ಎಂಬ ತಾತನನ್ನು ಊಹಿಸಿಕೊಳ್ಳಿ. ಪದ್ಧತಿಯಂತೆ ತಾತನ ಹೆಸರನ್ನೇ ಪಡೆದ ಮೊಮ್ಮಗ ಹುಟ್ಟಿದ್ದು 1961-62ರಲ್ಲಿ, ಅದೂ ಪ್ಲವವೇ. ಊರು ಒಂದೇ, ಮನೆತನದ ಹೆಸರೆಂಬುದು ಪ್ರತ್ಯೇಕವಾಗಿಲ್ಲ, ಜಾತಕದಲ್ಲಿ ಬರೆದಿರುವುದು ಸಂವತ್ಸರ ಮಾತ್ರ. ಮೊಮ್ಮಗನೂ ತೀರಿಕೊಂಡಿದ್ದು ಇಬ್ಬರ ಪುಟಗಳೂ ವೃಕ್ಷದಲ್ಲಿದ್ದರೆ, ಒಂದನ್ನು ಬರೆದವರು ಸಂವತ್ಸರವನ್ನು ತಪ್ಪಾಗಿ ಎಣಿಸಿದ ಕ್ಷಣವೇ ಎರಡೂ ಒಬ್ಬರದೇ ಎಂಬಂತೆ ಕಾಣತೊಡಗುತ್ತವೆ. ಎರಡನ್ನೂ ಒಂದಾಗಿ ಕೂಡಿಸಿದರೆ ಒಂದು ಪುಟ ಉಳಿಯುತ್ತದೆ, ಇನ್ನೊಂದು ಅಳಿಯುತ್ತದೆ. ಕೂಡಿಸಿದ ಮೇಲೆ ಯಾರೂ ಕೈಯಾಡಿಸದಿದ್ದರೆ ಬಿಡಿಸುವುದು ಸಲೀಸು. ಮೇಲಿಂದ ಮೇಲೆ ತಿದ್ದುಪಡಿಗಳು ಬಿದ್ದಿದ್ದರೆ ಅಳಿದ ಪುಟವನ್ನು ಬೇರೆಯಾಗಿ ಎಬ್ಬಿಸಿ, ಹೆಂಡತಿ ಮಕ್ಕಳ ಸಂಬಂಧಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಬೇಕಾಗುತ್ತದೆ. ಸೇವೆಯ ಅತ್ಯಂತ ದುರ್ಬಲ ಭಾಗ ಇದೇ. ಕೂಡಿಸುವುದಕ್ಕೆ ಒಬ್ಬರ ಐದು ನಿಮಿಷ ಸಾಕು, ಬಿಡಿಸುವುದಕ್ಕೆ ಇನ್ನೊಬ್ಬರ ಒಂದು ಸಂಜೆ ಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ನಿಜವೇ ತಪ್ಪಿನಂತೆ ಕಾಣುವ ಸಂದರ್ಭ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಅನೇಕ ಮನೆಗಳಲ್ಲಿ ನಡೆದುಕೊಂಡು ಬಂದದ್ದು. ವೃಕ್ಷದಲ್ಲಿ ಅದನ್ನು ಇದ್ದಂತೆಯೇ ನಮೂದಿಸಿದರೆ ಗಂಡನ ತಂದೆತಾಯಿಗಳೇ ಹೆಂಡತಿಯ ಅಜ್ಜ ಅಜ್ಜಿಯಾಗಿ ಮತ್ತೊಮ್ಮೆ ಕಾಣಿಸಿಕೊಳ್ಳುತ್ತಾರೆ. ಪದ್ಧತಿಯ ಅರಿವಿಲ್ಲದ ಯಾರೋ ಸದುದ್ದೇಶದಿಂದಲೇ, ತಲೆಮಾರು ತಪ್ಪಿದೆ ಎಂದುಕೊಂಡು ಕೊಂಡಿಯನ್ನು ಕತ್ತರಿಸಬಹುದು. ದತ್ತುಮಕ್ಕಳ ವಿಷಯಕ್ಕೆ ಮಾತ್ರ ಒಳ್ಳೆಯ ಅನುಕೂಲವಿದೆ: ಹೆತ್ತವರು, ದತ್ತು ಪಡೆದವರು ಎರಡೂ ಕಡೆಗೆ ಸಂಬಂಧದ ಬಗೆಯನ್ನು ಸೂಚಿಸಿ ಇಬ್ಬರನ್ನೂ ಉಳಿಸಿಕೊಳ್ಳಬಹುದು. ಮದುವೆಯಲ್ಲಿ ಹೆಸರು ಬದಲಿಸಿಕೊಂಡ ಹೆಂಗಸರಿಗೆ ಪರ್ಯಾಯ ಹೆಸರಿನ ಅಂಕಣವಿದೆ, ತುಂಬುವವರು ಕಡಿಮೆ.

ಇಂಥ ಕಡೆ ನಿಜವಾಗಿ ಕೆಲಸಕ್ಕೆ ಬರುವುದು, ಹೆಚ್ಚಿನವರು ಖಾಲಿ ಬಿಟ್ಟು ಮುಂದೆ ಹೋಗುವ ಪುಟ್ಟ ಚೌಕ: ‘ಈ ಮಾಹಿತಿ ಸರಿ ಎನ್ನಲು ಕಾರಣವೇನು?’ ಅಲ್ಲಿ ‘ನಮ್ಮ ಅಜ್ಜಿ ಹೇಳಿದ್ದು’ ಎಂದು ಬರೆದರೂ ಏನೂ ಬರೆಯದ್ದಕ್ಕಿಂತ ಮೇಲು. ಪೌತಿ ಖಾತೆಗಾಗಿ ಮಾಡಿಸಿದ ವಂಶವೃಕ್ಷ ಪತ್ರ, ಮ್ಯುಟೇಷನ್ ನಕಲು, ಲಗ್ನಪತ್ರಿಕೆ ಇವುಗಳಲ್ಲಿ ಒಂದನ್ನು ಉಲ್ಲೇಖಿಸಿದರೆ ಮುಂದೆ ತಿದ್ದಬಂದವರು ಬಹುಮಟ್ಟಿಗೆ ಕೈ ತಡೆಯುತ್ತಾರೆ. ಪುಟದ ಮೇಲ್ಭಾಗದಲ್ಲೇ ಎದ್ದುಕಾಣುವ ಎಚ್ಚರಿಕೆಯ ಟಿಪ್ಪಣಿ ಹಾಕುವ ಸೌಲಭ್ಯವೂ ಇದೆ; ಸೋದರಮಾವನ ಮದುವೆಯಂಥದ್ದನ್ನು ಬರೆದಿಡಲು ಅದೇ ಸರಿಯಾದ ಜಾಗ. ಸಾವಿನ ದಿನಾಂಕದ ಬಗ್ಗೆ ಒಂದು ಮಾತು: ವರ್ಷ ವರ್ಷ ಶ್ರಾದ್ಧ ಮಾಡುವ ಮನೆಗಳಲ್ಲಿ ಮಾಸ, ಪಕ್ಷ, ತಿಥಿ ಖಚಿತವಾಗಿ ಗೊತ್ತಿರುತ್ತವೆ, ಇಸವಿ ಮಾತ್ರ ಮರೆತಿರುತ್ತದೆ. ಇಸವಿಯನ್ನು ಅಂದಾಜಿಸಿ ತಿಥಿಯನ್ನು ಇಂಗ್ಲಿಷ್ ತಾರೀಖಿಗೆ ಇಳಿಸಿದರೆ ಸಿಗುವುದು ನಿಖರವಾಗಿ ಕಾಣುವ ಸುಳ್ಳು. ‘ಸುಮಾರು 1940’ ಎಂದಷ್ಟೇ ಬರೆದು ತಿಥಿಯನ್ನು ಟಿಪ್ಪಣಿಗೆ ಬಿಡುವುದು ವಾಸಿ.

ಬದುಕಿರುವವರ ಪುಟಗಳು ಸಾರ್ವಜನಿಕರಿಗೆ ಕಾಣುವುದಿಲ್ಲ; ಅಷ್ಟರಮಟ್ಟಿಗೆ ನೆಮ್ಮದಿ. ಮೃತರ ಹೆಸರಿನಲ್ಲಿ ಚರ್ಚಿನ ಸದಸ್ಯರು ತಮ್ಮ ಧಾರ್ಮಿಕ ವಿಧಿಗಳನ್ನು ನಡೆಸುವ ವಾಡಿಕೆಯುಂಟು. ತಮ್ಮ ಬಂಧುಗಳಿಗೆ ಮಾತ್ರ ಎಂಬ ನಿಯಮವಿದ್ದರೂ, ಹಿರಿಯರ ಹೆಸರು ಸೇರಿಸುವ ಮುನ್ನ ಮನೆಯವರಿಗೆ ಇದು ತಿಳಿದಿರುವುದು ಒಳ್ಳೆಯದು.

ಇಂಥದೇ ಬೇರೆ ವಂಶವೃಕ್ಷ ತಾಣಗಳನ್ನು ಹೋಲಿಕೆಗೆ ನೋಡಿದರೆ, ಜೆನಿಯಲ್ಲಿ ಪುಟಗಳಿಗೆ ಬೀಗ ಹಾಕಬಲ್ಲ ಮೇಲ್ವಿಚಾರಕರಿದ್ದಾರೆ. ವಿಕಿಟ್ರೀ 1700ಕ್ಕಿಂತ ಹಿಂದಿನವರ ಪುಟಗಳನ್ನು ಮುಟ್ಟಬೇಕಾದರೆ ಮೊದಲು ಪ್ರಶ್ನಾವಳಿಯೊಂದನ್ನು ದಾಟಬೇಕೆನ್ನುತ್ತದೆ, ಮೂಲದಾಖಲೆಯನ್ನೂ ಕಡ್ಡಾಯವೆಂಬಂತೆ ಕೇಳುತ್ತದೆ. ಶಿಸ್ತು ಬೇಕಾದವರಿಗೆ ಅದೇ ಮೇಲು. ಅಣ್ಣ ಬೆಂಗಳೂರಿನಲ್ಲಿ, ಅತ್ತೆಯ ಮಕ್ಕಳು ಡಲ್ಲಾಸ್‌ನಲ್ಲಿ ಇರುವ ಮನೆಯವರು ಖರ್ಚಿಲ್ಲದೆ ಕೂಡಿ ಬರೆಯಬೇಕಾದರೆ ಫ್ಯಾಮಿಲಿಸರ್ಚ್ ಸಾಕು. ಕೂಡಿಸುವ ಗುಂಡಿ ಒತ್ತುವ ಮುನ್ನ ಫೋನ್ ಮಾಡಬೇಕೆಂದು ಮೊದಲೇ ಮಾತಾಡಿಕೊಂಡಿದ್ದು, ಬೇರೆಯದೊಂದು ಪ್ರತಿ ಸ್ವಂತ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದಾದರೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ, ಇಲ್ಲವಾದರೆ ಎರಡು.