ಗೆಡ್ಡೆ ಚೆನ್ನಾಗಿದೆ, ಜೊತೆಗೆ ಬಂದ ಚೀಟಿ ಓದಬೇಡಿ

ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಡ್ರಾಸೆರಾ ಆರಿಕ್ಯುಲೇಟಾ ಗೆಡ್ಡೆ ಐದು ತರಿಸಿದ್ದೆ. ಹುಳ ಹಿಡಿದು ತಿನ್ನುವ ಸನ್‌ಡ್ಯೂ ಗಿಡದಲ್ಲಿ ಇದು ಗೆಡ್ಡೆ ಕಟ್ಟುವ ಜಾತಿ. ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಗೆಡ್ಡೆ ಮಲಗಿರುವಾಗಲೇ, ಅಂದರೆ ಇನ್ನೂ ಚಿಗುರದೆ ಇರುವಾಗಲೇ ಕಳಿಸಿದ್ದಾರೆ, ಅದೂ ಚೂರೇ ತೇವ ಇದ್ದ ಪೀಟ್‌ನಲ್ಲಿ (ಜೌಗು ನೆಲದ ಅರೆಕೊಳೆತ ಪಾಚಿ) ಸುತ್ತಿ, ಪುಟ್ಟ ಡಬ್ಬಿಯಲ್ಲಿಟ್ಟು. ಒತ್ತಿ ನೋಡಿದೆ, ಐದೂ ಗಟ್ಟಿ. ಎಲೆ ಬಿಟ್ಟ ಗಿಡವನ್ನೇ ಕಿತ್ತು ಕಳಿಸಿದ್ದರೆ ಉಳಿಯುವುದು ಕಷ್ಟವಿತ್ತು.

ಆದರೆ ಆ ಚೀಟಿ! ವರ್ಷವಿಡೀ ತಟ್ಟೆಯಲ್ಲಿ ನೀರಿರಲಿ, ಮಣ್ಣಿಗೆ ಗೊಬ್ಬರ ಹಾಕಿ ಅಂತ ಬರೆದಿದ್ದಾರೆ. ಯಾವುದೋ ಬೇರೆ ಗಿಡದ ಚೀಟಿ ಸುಮ್ನೆ ತುರುಕಿದ್ದಾರೆ ಅನಿಸಿತು. ಈ ಗಿಡ ತಂಪು ತಿಂಗಳುಗಳಲ್ಲಿ ಬೆಳೆಯುತ್ತದೆ, ಬಿಸಿಲು ಏರಿದಂತೆ ಮೇಲಿನದೆಲ್ಲ ಒಣಗಿ ಕಪ್ಪಾಗುತ್ತದೆ, ಸತ್ತೇ ಹೋಯಿತು ಅಂದುಕೊಳ್ಳಬೇಕು ಹಾಗೆ. ಆಗ ನೀರು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಗೆಡ್ಡೆ ಕೊಳೆಯುತ್ತದೆ, ಅಷ್ಟೇ. ಮಣ್ಣಿನ ಗೊಬ್ಬರವಂತೂ ಬೇಡವೇ ಬೇಡ, ಸಾರವಿಲ್ಲದ ನೆಲದಲ್ಲಿ ಬೆಳೆದು ಬಂದ ಗಿಡ ಅಲ್ವಾ.

ನಾನು ಆಳದ ಕುಂಡದಲ್ಲಿ ಪೀಟ್ ಮತ್ತು ತೊಳೆದ ಮರಳು ಬೆರೆಸಿ ನೆಟ್ಟೆ. ಮಳೆ ನೀರು, ಅದಿಲ್ಲದಾಗ ಆರ್‌ಒ ನೀರು. ನಾಲ್ಕು ಮೊಳೆತವು. ಐದನೆಯದನ್ನು ಕುತೂಹಲ ತಡೆಯಲಾರದೆ ನಾನೇ ಕೆದಕಿ ಮುರಿದೆ, ಅದಕ್ಕೆ ಅವರನ್ನು ದೂರುವುದಿಲ್ಲ. ಐದಕ್ಕೆ ನಾಲ್ಕು ಸ್ಟಾರ್, ಕಿತ್ತುಕೊಂಡ ಒಂದು ಚೀಟಿಗೆ.