ಲೈಫ್ ಕೋಚ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಲೈಫ್ ಕೋಚ್, ಅಂದರೆ ದುಡ್ಡು ತೆಗೆದುಕೊಂಡು ಬದುಕಿನ ಗುರಿ, ನಿರ್ಧಾರಗಳಿಗೆ ದಾರಿ ತೋರಿಸುವವರ ಹತ್ತಿರ ಹೋಗೋಣ ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ದುಡ್ಡು ಹೋಯಿತು, ಅದು ಒಂದು ಕಡೆ ಇರಲಿ. ಅದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಬೇರೆ. ನನಗೆ ಡಾಕ್ಟರ್ ಬೇಕಾಗಿದ್ದ ಹೊತ್ತಲ್ಲಿ ನನ್ನನ್ನು ಕೋಚಿಂಗ್‌ನಲ್ಲೇ ಹಿಡಿದಿಟ್ಟುಕೊಂಡರು.

ಶುರುವಾಗಿದ್ದು ಒಬ್ಬ ಕೋಚ್ ಜೊತೆಗಿನ ಉಚಿತ ಕರೆಯಿಂದ. ಕೆಲಸ ಬಿಡಲೋ ಬೇಡವೋ ಅನ್ನುವ ಗೊಂದಲ ನನ್ನದು. ಆಕೆ ತಾಳ್ಮೆಯಿಂದ ಕೇಳಿಸಿಕೊಂಡರು. ಕರೆ ಮುಗಿಯುವ ಹೊತ್ತಿಗೆ ಮಾತು ತಿರುಗಿತು. ಆರು ತಿಂಗಳ ಪ್ಯಾಕೇಜ್, ಪೂರ್ತಿ ದುಡ್ಡು ಮೊದಲೇ ಕಟ್ಟಬೇಕು, ಇವತ್ತೇ ಸೇರಿದರೆ ಮಾತ್ರ ರಿಯಾಯಿತಿ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದೆ. "ನಿಮ್ಮ ಬದುಕಿನ ನಿರ್ಧಾರಕ್ಕೂ ಬೇರೆಯವರ ಒಪ್ಪಿಗೆ ಬೇಕಾ? ಇದೇ ನೋಡಿ ನಿಮ್ಮ ಸಮಸ್ಯೆ" ಅಂದರು. ಇಂಥ ಮಾತು ಕಿವಿಗೆ ಬಿದ್ದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ಯೋಚಿಸಲು ಒಂದು ದಿನ ಕೂಡ ಕೊಡದವರಿಗೆ ನಿಮ್ಮ ಒಳಿತಿನ ಚಿಂತೆ ಇಲ್ಲ.

ಮೊದಲ ಕೆಲವು ಸೆಷನ್‌ಗಳು ಚೆನ್ನಾಗಿಯೇ ಇದ್ದವು. ಗುರಿ ಬರೆಸಿದರು, ವಾರ ವಾರ ಮಾಡಬೇಕಾದ ಕೆಲಸ ಕೊಟ್ಟರು. ಆಮೇಲೆ ನನ್ನ ನಿದ್ದೆ ಕೆಟ್ಟಿತು. ರಾತ್ರಿ ಮೂರಕ್ಕೇ ಎಚ್ಚರ, ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಸುಮ್ನೆ ಕೂತಲ್ಲೇ ಅಳು ಬರುತ್ತಿತ್ತು. ಇದನ್ನೆಲ್ಲ ವಿಡಿಯೊ ಕರೆಯಲ್ಲಿ ಹೇಳಿದೆ. ಎಷ್ಟು ದಿನದಿಂದ ಹೀಗಿದೆ ಅಂತ ಆಕೆ ಕೇಳಲೇ ಇಲ್ಲ. ಸ್ಕ್ರೀನ್ ಮೇಲೆ ಒಂದು ಹಾಳೆ ತೆರೆದರು. "ನನ್ನನ್ನು ತಡೆಯುತ್ತಿರುವ ನಂಬಿಕೆಗಳು" ಅಂತ ತಲೆಬರಹ, ಅದರ ಕೆಳಗೆ ಖಾಲಿ ಗೆರೆಗಳು. ತುಂಬಿಸಿ ಅಂದರು. ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ಮಂಜಾಗಿ ಅಕ್ಷರವೇ ಕಾಣುತ್ತಿರಲಿಲ್ಲ. "ಒಳ್ಳೆಯದು, ಹಳೆಯದೆಲ್ಲ ಹೊರಗೆ ಬರ್ತಿದೆ" ಅಂದರು. ಡಾಕ್ಟರ್‌ಗೆ ತೋರಿಸಲಾ ಅಂತ ಕೇಳಿದೆ. ಈಗ ಮಾತ್ರೆ ಶುರು ಮಾಡಿದರೆ ಇಲ್ಲಿಯವರೆಗೆ ಪಟ್ಟ ಶ್ರಮವೆಲ್ಲ ನೀರುಪಾಲು ಅಂದರು.

ಕೊನೆಗೆ ಅಕ್ಕ ಬಂದು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಖಿನ್ನತೆ ಅಂದರು. ಚಿಕಿತ್ಸೆ ಶುರುವಾದ ಮೇಲೆ ನಿಧಾನಕ್ಕೆ ಸರಿಹೋದೆ.

ದಯವಿಟ್ಟು ಇದೊಂದನ್ನು ನೆನಪಿಡಿ. ಕಾಯಿಲೆ ಗುರುತಿಸುವುದು, ಚಿಕಿತ್ಸೆ ಕೊಡುವುದು ಕೋಚ್ ಕೆಲಸವಲ್ಲ. ಗುರಿ ಸ್ಪಷ್ಟ ಮಾಡಿಕೊಳ್ಳಲು, ಕೆಲಸ ಬದಲಿಸಲು, ಒಂದು ಅಭ್ಯಾಸ ಕಟ್ಟಿಕೊಳ್ಳಲು ಒಳ್ಳೆಯ ಕೋಚ್‌ನಿಂದ ಸಹಾಯವಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಎರಡು ವಾರವಾದರೂ ಮನಸ್ಸಿನ ಭಾರ ಇಳಿಯದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಮೊದಲು ಡಾಕ್ಟರ್. ಸಾಯುವ ಯೋಚನೆ ಬಂದರೆ ಎರಡು ವಾರ ಅಂತ ಕಾಯಲೇಬೇಡಿ, ಅವತ್ತೇ ಹೋಗಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕೋಚ್ ಮಾತು ಕೇಳಿ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆ ದಿಢೀರನೆ ಬಿಟ್ಟರೆ ತಲೆಸುತ್ತು, ಆತಂಕ, ನಿದ್ದೆಗೇಡು ಶುರುವಾಗಬಹುದು. ನಿಯತ್ತಿನ ಕೋಚ್ ಆದರೆ "ಇದು ನನ್ನ ಕೈ ಮೀರಿದ್ದು, ಡಾಕ್ಟರ್ ಹತ್ತಿರ ಹೋಗಿ" ಅಂತ ತಾವೇ ಹೇಳುತ್ತಾರೆ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಹೆಚ್ಚಿನ ದೇಶಗಳಲ್ಲಿ ಲೈಫ್ ಕೋಚ್ ಅಂತ ಬೋರ್ಡ್ ಹಾಕಿಕೊಳ್ಳಲು ಲೈಸೆನ್ಸ್ ಬೇಕಿಲ್ಲ. ವಾರಾಂತ್ಯದ ಕೋರ್ಸ್ ಮುಗಿಸಿದವರೂ ಕೋಚ್, ವರ್ಷಗಟ್ಟಲೆ ಕಲಿತವರೂ ಕೋಚ್. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್, ಅಂದರೆ ಐಸಿಎಫ್, ಕೋಚ್‌ಗಳಿಗೆ ಮೂರು ಹಂತದ ಮಾನ್ಯತೆ ಕೊಡುತ್ತದೆ. ಮೊದಲನೆಯ ಹಂತವಾದ ಎಸಿಸಿಗೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಎರಡನೆಯದಾದ ಪಿಸಿಸಿಗೆ 125 ಮತ್ತು 500 ಗಂಟೆ. ಮೂರನೆಯದಾದ ಎಂಸಿಸಿಗೆ 200 ಮತ್ತು 2,500 ಗಂಟೆ. ಅವರ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ನೀವೇ ಪರೀಕ್ಷಿಸಬಹುದು. ನನ್ನ ಕೋಚ್ ಅಲ್ಲಿನ ಸದಸ್ಯತ್ವವನ್ನೇ ಮಾನ್ಯತೆ ಅನ್ನುವ ಹಾಗೆ ತೋರಿಸಿದ್ದರು. ಅವೆರಡೂ ಬೇರೆ ಬೇರೆ. ಮಾನ್ಯತೆ ಇದ್ದ ಮಾತ್ರಕ್ಕೆ ಒಳ್ಳೆಯವರೇ ಅನ್ನಲಾಗದು, ನಿಜ. ಆದರೆ ಅಂಥವರು ತಪ್ಪು ಮಾಡಿದರೆ ದೂರು ಕೊಡಲು ಒಂದು ಜಾಗವಾದರೂ ಇರುತ್ತದೆ.

ಉಳಿದ ದುಡ್ಡು ವಾಪಸ್ ಕೇಳಿದಾಗ ಕರಾರಿನ ಸಾಲೊಂದನ್ನು ತೋರಿಸಿದರು. ಫಲಿತಾಂಶ ನಿಮ್ಮ ಬದ್ಧತೆಯ ಮೇಲೆ ನಿಂತಿದೆ, ಹಣ ಹಿಂದಿರುಗಿಸುವುದಿಲ್ಲ ಅಂತ. ಒಳ್ಳೆಯದಾದರೆ ಅವರ ವಿಧಾನದ ಹೆಚ್ಚುಗಾರಿಕೆ, ಆಗದಿದ್ದರೆ ನಿಮ್ಮ ಮನಸ್ಸಿನ ದೋಷ! ಕಾಯಿಲೆ ಬಿದ್ದವರ ತಲೆಯ ಮೇಲೆ ಇದನ್ನು ಹೊರಿಸುವುದು ಎಷ್ಟು ಕ್ರೂರ ಅಲ್ವಾ? ಅದಕ್ಕೇ ಮುಂಚೆಯೇ ಬರಹದಲ್ಲಿ ಕೇಳಿ: ನಡುವೆ ಬಿಟ್ಟರೆ ಎಷ್ಟು ವಾಪಸ್, ಸೆಷನ್ ತಪ್ಪಿದರೆ ಏನು. ಸಾಧ್ಯವಾದರೆ ಆಯಾ ಸೆಷನ್‌ಗೆ ಮಾತ್ರ ದುಡ್ಡು ಕೊಡಿ. ನೀವೂ ಕೋಚ್ ಆಗಿ ಅಂತ ಇನ್ನೊಂದು ದುಬಾರಿ ಕೋರ್ಸ್ ಮುಂದಿಟ್ಟರೆ ಅದಕ್ಕೂ ಕೊರಳು ಕೊಡಬೇಡಿ. ನನಗೂ ಇಟ್ಟಿದ್ದರು, ಅದೂ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದ ವಾರದಲ್ಲೇ.

ಈಗಾಗಲೇ ಸಿಕ್ಕಿಕೊಂಡಿರುವವರು ಬಿಡುತ್ತೇನೆ ಅಂತ ಇಮೇಲ್‌ನಲ್ಲಿ ತಿಳಿಸಿ. ಕಂತು ತಾನಾಗಿ ಕಡಿತವಾಗುತ್ತಿದ್ದರೆ ಬ್ಯಾಂಕಿಗೆ ಹೇಳಿ ನಿಲ್ಲಿಸಿ. ಕಾರ್ಡ್‌ನಲ್ಲಿ ಕಟ್ಟಿದ್ದರೆ ತಕರಾರು ದಾಖಲಿಸಬಹುದೇ ಅಂತ ವಿಚಾರಿಸಿ. ಸೆಷನ್‌ಗಳ ರೆಕಾರ್ಡಿಂಗ್ ಅಳಿಸಲು ಕೇಳುವುದನ್ನು ಮಾತ್ರ ಮರೆಯಬೇಡಿ. ಡಾಕ್ಟರ್ ಹತ್ತಿರ ಹೇಳಿದ ಗುಟ್ಟಿಗೆ ಇರುವ ಕಾನೂನಿನ ರಕ್ಷಣೆ ಕೋಚ್ ಹತ್ತಿರ ಹೇಳಿದ್ದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ನಾನು ಅತ್ತಿದ್ದು, ಮನೆಯ ವಿಷಯ ಹೇಳಿಕೊಂಡಿದ್ದು ಎಲ್ಲವೂ ಆಕೆಯ ಹತ್ತಿರ ರೆಕಾರ್ಡ್ ಆಗಿ ಕೂತಿದೆ. ಅಳಿಸಿ ಅಂತ ಬರೆದೆ, ಉತ್ತರ ಬಂದಿಲ್ಲ. ಈ ವಾರ ಮತ್ತೆ ಬರೆಯುತ್ತಿದ್ದೇನೆ.