ಜರಡಿ ಹಿಡಿಯದ ರಾಗಿ ಹಿಟ್ಟು: ತುಮಕೂರಿನ ನಮ್ಮ ಬಡಾವಣೆಯ ರಾಗಿ ಮಿಷನ್

ತುಮಕೂರಿನಲ್ಲಿ ರಾಗಿ ಬೀಸಿಸೋಕೆ ಜಾಗಕ್ಕೆ ಬರವಿಲ್ಲ. ಆದರೂ ನಾನು ಎರಡು ಮಿಷನ್ ದಾಟಿ ಮೂರನೆಯದಕ್ಕೇ ಹೋಗುತ್ತೇನೆ. ಕಾರಣ ಇಷ್ಟೇ: ಅಲ್ಲಿಯ ಅಣ್ಣ ಚೀಲ ಇಳಿಸಿಕೊಂಡ ತಕ್ಷಣ "ಮುದ್ದೆಗಾ, ರೊಟ್ಟಿಗಾ, ಮಗುಗಾ?" ಅಂತ ಕೇಳುತ್ತಾರೆ. ಉತ್ತರ ಕೇಳಿ ಕಲ್ಲು ಬಿಗಿ ಮಾಡುತ್ತಾರೆ ಇಲ್ಲ ಸಡಿಲಿಸುತ್ತಾರೆ. ಮಗುವಿನ ಸರಿಗೆ ಅಂದರೆ ಮಾತ್ರ ನುಣ್ಣಗೆ. ಮುದ್ದೆಗೆ ಅಂದರೆ ಬೆರಳಲ್ಲಿ ಉಜ್ಜಿದರೆ ಕೈಗೆ ತಾಕುವಷ್ಟು ತರಿ ಬಿಡುತ್ತಾರೆ. ನಾವು ಹೇಳದೆ ಜರಡಿ ಹಿಡಿಯುವುದಿಲ್ಲ. ಕೊಟ್ಟ ರಾಗಿಯ ಸಿಪ್ಪೆ ಸಮೇತ ಹಿಟ್ಟು ವಾಪಸ್ ಬರುತ್ತದೆ.

ನಮ್ಮ ಮನೆಗೆ ಇದು ದೊಡ್ಡ ವಿಷಯ. ನಮ್ಮತ್ತೆಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾದವು. ಕಳೆದ ವರ್ಷ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.1 ಬಂದಾಗ ಡಾಕ್ಟರು ಮಾತ್ರೆ ಏರಿಸುವ ಮೊದಲು ಆಸ್ಪತ್ರೆಯ ಡಯಟಿಷಿಯನ್ ಹತ್ತಿರ ಕಳಿಸಿದರು. ಆ ಹುಡುಗಿ ಏನೇನು ಬಿಡಬೇಕು ಅನ್ನುವ ಪಟ್ಟಿ ಕೊಡಲಿಲ್ಲ. ದಿನಕ್ಕೆ ಎಷ್ಟು ನಾರು ಹೊಟ್ಟೆಗೆ ಹೋಗುತ್ತಿದೆ ಅಂತ ಕೇಳಿದಳು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎಂದಿದೆಯಂತೆ. ನಮ್ಮತ್ತೆ ಬೆಳಿಗ್ಗೆ ಬಿಳಿ ಅಕ್ಕಿ ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಪ್ಯಾಕೆಟ್ ರಾಗಿ ಹಿಟ್ಟಿನ ಮುದ್ದೆ ತಿನ್ನುತ್ತಿದ್ದರು. ಕೂಡಿಸಿ ನೋಡಿದರೆ ಅರ್ಧವೂ ಆಗುತ್ತಿರಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ, ಮೈದಾದ ಕಥೆಯೂ ಅದೇ. ರಾಗಿಗೆ ಒಂದು ದೊಡ್ಡ ಅನುಕೂಲ ಇದೆ. ಕಾಳು ಚಿಕ್ಕದು, ಒಳಗಿನ ತಿರುಳು ಮೆತ್ತಗೆ, ಸಿಪ್ಪೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅಕ್ಕಿಯ ತೌಡು ತೆಗೆದ ಹಾಗೆ ರಾಗಿಯದನ್ನು ಸುಲಭಕ್ಕೆ ತೆಗೆಯೋಕೆ ಆಗುವುದಿಲ್ಲ. ಹಾಗಾಗಿ ಇಡೀ ಕಾಳೇ ಹಿಟ್ಟಾಗುತ್ತದೆ. ನಾರು ಕೈಬಿಡುವುದು ಆಮೇಲೆ, ಜರಡಿಯಲ್ಲಿ. ಹಿಟ್ಟು ಬೆಳ್ಳಗೆ, ನಯವಾಗಿ ಕಾಣಲಿ ಅಂತ ಸಣ್ಣ ಕಣ್ಣಿನ ಜರಡಿ ಹಿಡಿದಷ್ಟೂ ಸಿಪ್ಪೆಯ ಚೂರು ಮೇಲೆ ಉಳಿದು ಕಸಕ್ಕೆ ಹೋಗುತ್ತದೆ. ಮಕ್ಕಳ ಸರಿಗೆ ಬಟ್ಟೆಯಲ್ಲಿ ಸೋಸುವುದು ಸರಿ, ಎಳೆ ಹೊಟ್ಟೆಗೆ ಅದೇ ಹಿತ. ಅರವತ್ತು ದಾಟಿದ ಸಕ್ಕರೆ ಕಾಯಿಲೆಯವರಿಗೆ ಅದೇ ಹಿಟ್ಟು ಯಾಕೆ?

ತರಿ ಬೀಸಿಸುವುದಕ್ಕೂ ಅರ್ಥ ಇದೆ. ಹಿಟ್ಟು ನುಣ್ಣಗಾದಷ್ಟೂ ಅದರ ಪಿಷ್ಟ ಬೇಗ ಜೀರ್ಣವಾಗಿ ರಕ್ತಕ್ಕೆ ಸಕ್ಕರೆ ಬೇಗ ಬಂದು ಬೀಳುತ್ತದೆ. ತರಿ ಇದ್ದರೆ ನಿಧಾನ. ರಾಗಿ ಅಂದ ಮಾತ್ರಕ್ಕೆ ಎಷ್ಟಾದರೂ ತಿನ್ನಬಹುದು ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ, ಅದು ತಪ್ಪು. ರಾಗಿಯಲ್ಲೂ ಪಿಷ್ಟ ಬೇಕಾದಷ್ಟಿದೆ. ನಮ್ಮತ್ತೆ ಈಗ ಎರಡು ಮುದ್ದೆಯ ಬದಲು ಒಂದೇ ತಿನ್ನುತ್ತಾರೆ. ತರಿ ಹಿಟ್ಟಿನದು ಹೊಟ್ಟೆ ತುಂಬಿದ ಹಾಗೆ ಹೆಚ್ಚು ಹೊತ್ತು ನಿಲ್ಲುತ್ತದೆ ಅಂತ ಅವರೇ ಹೇಳಿದ್ದು.

ಮುದ್ದೆ ಕಟ್ಟುವಾಗ ಮಾತ್ರ ಕೈ ಸ್ವಲ್ಪ ಪಳಗಬೇಕು. ಇದು ನುಣ್ಣನೆ ಹಿಟ್ಟಿಗಿಂತ ಹೆಚ್ಚು ನೀರು ಕುಡಿಯುತ್ತದೆ, ಬೇಯೋಕೆ ಹೊತ್ತು ತಗೊಳ್ಳುತ್ತದೆ. ಎಸರು ಮರಳುವಾಗ ಹಿಟ್ಟು ಹಾಕಿ, ಕದಡದೆ, ಸಣ್ಣ ಉರಿಯಲ್ಲಿ ಚೆನ್ನಾಗಿ ಬೇಯಲು ಬಿಟ್ಟು ಆಮೇಲೆ ಕೋಲಿನಲ್ಲಿ ತಿರುವಿ. ಆತುರಪಟ್ಟರೆ ಗಂಟು. ಮೇಲ್ಮೈ ಹೋಟೆಲಿನ ಮುದ್ದೆಯಷ್ಟು ಹೊಳೆಯುವುದಿಲ್ಲ, ಅಂಚಿನಲ್ಲಿ ಸ್ವಲ್ಪ ಬಿರುಕು ಬಿಡುತ್ತದೆ. ರುಚಿ ಮಾತ್ರ ಹೆಚ್ಚು. ಹೊಸ ರಾಗಿಯ ಘಮ ಪ್ಯಾಕೆಟ್ ಹಿಟ್ಟಿನಲ್ಲಿ ನನಗೆ ಸಿಕ್ಕಿದ್ದೇ ಇಲ್ಲ.

ಇಲ್ಲಿ ಗೋಧಿಯನ್ನೂ ಬೂಸಾ ತೆಗೆಯದೆ ಬೀಸುತ್ತಾರೆ. ಕೇಳಿದರೆ ನವಣೆ, ಸಾಮೆ, ಕೊರಲೆ ಅಕ್ಕಿಯೂ ಸಿಗುತ್ತದೆ. ಮಧುಗಿರಿ, ಪಾವಗಡದ ಕಡೆಯಿಂದ ರೈತರೇ ತಂದು ಹಾಕುತ್ತಾರೆ. ಮೇಲಿನ ಹೊಟ್ಟು ಮಾತ್ರ ತೆಗೆದು ತೌಡು ಉಳಿಸಿದ ಕಾಳು ಅದು. ನವಣೆ ಅಕ್ಕಿ ಹಳದಿಯಾಗೇ ಇರುತ್ತದೆ. ಬೆಳ್ಳಗೆ ತೊಳೆದಿಟ್ಟ ಹಾಗಿದ್ದರೆ ಪಾಲಿಶ್ ಆಗಿದೆ ಅಂತಲೇ ತಿಳಿಯಿರಿ. ಆ ತೌಡಿನಲ್ಲಿ ಎಣ್ಣೆ ಅಂಶ ಇರುವುದರಿಂದ ಬೇಗ ಕಮಟು ವಾಸನೆ ಹಿಡಿಯುತ್ತದೆ. ನಾನು ಎರಡು ವಾರಕ್ಕೆ ಆಗುವಷ್ಟೇ ತರುತ್ತೇನೆ. ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿ ಇಡುತ್ತೇನೆ.

ಅಂಗಡಿಯ "ಹೈ ಫೈಬರ್" ಬಿಸ್ಕತ್ತುಗಳ ಬಗ್ಗೆ ಎರಡು ಮಾತು, ಯಾಕೆಂದರೆ ನಮ್ಮ ಮನೆಯಲ್ಲೂ ಅವು ಇದ್ದವು. ನಮ್ಮ ದೇಶದ ನಿಯಮದ ಪ್ರಕಾರ 100 ಗ್ರಾಂ ತಿಂಡಿಯಲ್ಲಿ 6 ಗ್ರಾಂ ನಾರಿದ್ದರೆ ಆ ಹೆಸರು ಹಾಕಿಕೊಳ್ಳಬಹುದು. ಹೆಸರು ಹಾಕಿಕೊಳ್ಳದ ರಾಗಿಯಲ್ಲಿ ಅದರ ಎರಡರಷ್ಟು ಹತ್ತಿರ ಇದೆ. ಪ್ಯಾಕೆಟ್ಟಿನ ಹಿಂದೆ ಯಾವುದು ಹೆಚ್ಚು ಹಾಕಿದ್ದಾರೋ ಅದನ್ನೇ ಮೊದಲು ಬರೆಯಬೇಕು. ನಾನು ನೋಡಿದ ಒಂದರಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಎಣ್ಣೆ, ಅದಾದ ಮೇಲೆ ಗೋಧಿ ತೌಡು ಇತ್ತು. ತೌಡು ಸೇರಿಸಿದ ಮಾತ್ರಕ್ಕೆ ಸಕ್ಕರೆ ಹೋಗಲ್ಲ. ದಯವಿಟ್ಟು ಹಿರಿಯರಿಗೆ ತರುವ ಮೊದಲು ಹಿಂಬದಿ ಓದಿ.

ರಾಗಿ ಹಿಟ್ಟೊಂದರಿಂದಲೇ ಎಲ್ಲ ಆಗಿಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ. ರಾಗಿಯ ನಾರು ಬಹುಪಾಲು ನೀರಿನಲ್ಲಿ ಕರಗದ್ದು, ಮಲಬದ್ಧತೆಗೆ ಒಳ್ಳೆಯದು. ಊಟವಾದ ಮೇಲೆ ಸಕ್ಕರೆ ಏರುವುದನ್ನು ತಡೆಯುವುದರಲ್ಲಿ, ಕೆಟ್ಟ ಕೊಲೆಸ್ಟರಾಲ್ ಇಳಿಸುವುದರಲ್ಲಿ ಲೋಳೆಯಾಗುವ ನಾರಿನ ಪಾತ್ರ ದೊಡ್ಡದು. ಅದು ಕಾಳು, ಬಾರ್ಲಿ, ಓಟ್ಸ್, ಮೆಂತ್ಯ, ಇಸಬ್‌ಗೋಲಿನಲ್ಲಿ ಚೆನ್ನಾಗಿದೆ. ದೊಡ್ಡ ಕರುಳಿನ ಸೂಕ್ಷ್ಮಾಣುಗಳು ನಾರನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲ ಮಾಡುತ್ತವೆ, ಅದು ಕರುಳಿನ ಗೋಡೆಗೇ ಆಹಾರ. ಆ ಹುಡುಗಿ ಇದನ್ನೆಲ್ಲ ಹೇಳಿ ಮುಗಿಸಿದಾಗ ನಮ್ಮತ್ತೆ "ಹಂಗಾದ್ರೆ ಬಸ್ಸಾರು ಮಾಡ್ಕಂಡ್ರಾಯ್ತಲ್ಲವ್ವ" ಅಂದರು. ಅದಕ್ಕಿಂತ ಒಳ್ಳೆಯ ಸಲಹೆ ನನಗೆ ಯಾರೂ ಕೊಟ್ಟಿಲ್ಲ. ಹೆಸರುಕಾಳಿನಲ್ಲಿ ನೂರಕ್ಕೆ ಸುಮಾರು 17, ಕಡಲೆಕಾಳಿನಲ್ಲಿ ಸುಮಾರು 25 ಗ್ರಾಂ ನಾರಿದೆ. ತರಿ ಹಿಟ್ಟಿನ ಒಂದು ಮುದ್ದೆ, ಕಾಳು ಸೊಪ್ಪು ಬೇಯಿಸಿ ಬಸಿದ ಸಾರು, ಬಸಿದ ಕಾಳುಸೊಪ್ಪಿನ ಪಲ್ಯ ತಟ್ಟೆ ತುಂಬ. ವಾರದಲ್ಲಿ ಬಹುತೇಕ ರಾತ್ರಿ ನಮ್ಮ ಮನೆಯಲ್ಲಿ ಇದೇ.

ಮುಂದಿನ ಪರೀಕ್ಷೆಯಲ್ಲಿ ನಮ್ಮತ್ತೆಯ ಎಚ್‌ಬಿಎ1ಸಿ 7.3 ಬಂತು. ಸಂಜೆಯ ನಡಿಗೆ, ಕಡಿಮೆಯಾದ ಅನ್ನ, ತಪ್ಪದ ಮಾತ್ರೆ ಎಲ್ಲದರ ಪಾಲೂ ಅದರಲ್ಲಿದೆ. ಮೊದಲ ವಾರ ಅವರಿಗೆ ಹೊಟ್ಟೆ ಉಬ್ಬರ, ಗ್ಯಾಸ್ ಆಯಿತು. ನಾರನ್ನು ಒಮ್ಮೆಲೇ ಏರಿಸದೆ ನಿಧಾನಕ್ಕೆ ಹೆಚ್ಚಿಸಿ, ನೀರು ಜಾಸ್ತಿ ಕುಡಿಸಿ. ಸಕ್ಕರೆ ಇಳಿಸುವ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಊಟ ಬದಲಿಸುವ ಮೊದಲು ಡಾಕ್ಟರಿಗೆ ಹೇಳಲೇಬೇಕು. ಅನ್ನ ಇಳಿದು ಮಾತ್ರೆ ಹಾಗೇ ಉಳಿದರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು.

ಮಿಷನ್ನಿನ ಬಗ್ಗೆ ದೂರು ಒಂದಿದೆ. ರಾಗಿಗೂ ಗೋಧಿಗೂ ಒಂದೇ ಕಲ್ಲು. ಹಿಂದಿನವರ ಗೋಧಿ ಹಿಟ್ಟು ನಮ್ಮದರಲ್ಲಿ ಒಂದಿಷ್ಟು ಸೇರಿಯೇ ಸೇರುತ್ತದೆ. ನಮಗೆ ತೊಂದರೆ ಇಲ್ಲ, ಆದರೆ ಗೋಧಿ ಮುಟ್ಟಲೇಬಾರದ ಸೀಲಿಯಾಕ್ ಕಾಯಿಲೆಯವರು ಇಲ್ಲಿ ಬೀಸಿಸಬಾರದು. ಅಣ್ಣನಿಗೆ ರಾಗಿಗೇ ಒಂದು ಕಲ್ಲು ಇಡಿ ಅಂತ ಹೇಳಿದ್ದೇನೆ, ಅವರು ಯೋಚಿಸುತ್ತೇನೆ ಅಂದಿದ್ದಾರೆ. ಆಗುವ ತನಕ 5ಕ್ಕೆ 4.

ಬೀಸುವ ಕೂಲಿ ಕೆಜಿಗೆ 10 ರೂಪಾಯಿ. ರಾಗಿಯನ್ನು ಮನೆಯಲ್ಲೇ ಕೇರಿ, ಕಲ್ಲು ಆರಿಸಿ ತಗೊಂಡು ಹೋಗಿ. ತೊಳೆದಿದ್ದರೆ ಚೆನ್ನಾಗಿ ಒಣಗಿರಲಿ, ಹಸಿ ಇದ್ದರೆ ಅವರು ಮುಟ್ಟುವುದಿಲ್ಲ. ಹಿಟ್ಟು ಕೈ ಸುಡುವಷ್ಟು ಬಿಸಿ ಇರುತ್ತದೆ, ಮನೆಗೆ ಬಂದು ಬಟ್ಟೆಯ ಮೇಲೆ ಹರಡಿ ಆರಿಸಿ ಆಮೇಲೆ ಡಬ್ಬಿಗೆ ತುಂಬಿ. ಮಧ್ಯಾಹ್ನ ಕರೆಂಟ್ ಹೋಗುವುದುಂಟು, ಬೆಳಿಗ್ಗೆ ಹತ್ತರೊಳಗೆ ಹೋದರೆ ಕಾಯುವ ಕೆಲಸವಿಲ್ಲ.